ಮೊಟ್ಟೆ ಒಡೆಯದ ಪಾಠ

ನಮ್ಮ ಶಾಲೆಯ ಅಡುಗೆಕೋಣೆಯ ಹಿಂದೆ ಒಂದು ತಿಪ್ಪೆಗುಂಡಿ ಇದೆ. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಅಲ್ಲಿಗೆ ಹೋಗಿ ನೋಡಿದರೆ ನೂರಕ್ಕೂ ಹೆಚ್ಚು ಮೊಟ್ಟೆಗಳ ಚಿಪ್ಪು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತ ಬಿದ್ದಿರುತ್ತದೆ. ಅದರಲ್ಲಿ ಕಾಗೆಗಳಿಗೆ ಆಸಕ್ತಿಯಿದೆ, ಊರ ನಾಯಿಗಳಿಗೆ ಆಸಕ್ತಿಯಿದೆ. ಶಾಲೆ ಎಂದು ಬೋರ್ಡು ಹಾಕಿಕೊಂಡು ಕೂತ ನಮಗೆ ಮಾತ್ರ ಇಲ್ಲ. ಅದೇ ಹೊತ್ತಿಗೆ ಒಳಗೆ ತರಗತಿಯಲ್ಲಿ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಇನ್ನೊಂದು ಮೊಟ್ಟೆ ಇರುತ್ತದೆ. ನಾಲ್ಕು ಬಾಣದ ಗುರುತು, ನಾಲ್ಕು ಹೆಸರು: ಚಿಪ್ಪು, ಪೊರೆ, ಲೋಳೆ, ಹಳದಿ. ಮಕ್ಕಳು ತಲೆ ತಗ್ಗಿಸಿ ಅದನ್ನು ನೋಟ್‌ಬುಕ್ಕಿಗೆ ಇಳಿಸುತ್ತಿರುತ್ತಾರೆ. ಅರ್ಧ ಗಂಟೆಯ ಹಿಂದೆ ತಟ್ಟೆಯ ಅಂಚಿಗೆ ಕುಟ್ಟಿ, ಉಗುರಿನಿಂದ ಸುಲಿದು ತಿಂದ ಆ ವಸ್ತುವೂ ಹಲಗೆಯ ಮೇಲಿನ ಈ ಚಿತ್ರವೂ ಒಂದೇ ಎಂದು ಅವರಿಗೆ ಯಾರೂ ಹೇಳುವುದಿಲ್ಲ.

ನನ್ನ ತಕರಾರು ಇದೇ. ಮೊಟ್ಟೆಯನ್ನು ಶಾಲೆಯೊಳಕ್ಕೆ ತರಲು ನಾವು ಇಷ್ಟೆಲ್ಲ ಜಗಳವಾಡಿದೆವು. ತಂದ ಮೇಲೆ ಅದನ್ನು ಹೊಟ್ಟೆಗೆ ಕಳಿಸಿದೆವೇ ಹೊರತು ಕಣ್ಣಿಗೆ ಕಾಣಿಸಲಿಲ್ಲ. ನೋಡದೆಯೇ ಉತ್ತರ ಹೇಳುವ ನಮ್ಮ ಹಳೆಯ ಚಾಳಿಗೆ ಮೊಟ್ಟೆಯೂ ಸಿಕ್ಕಿಬಿತ್ತು. ಆ ಚಾಳಿಯಿಂದ ನಾನೇ ಮಾಡಿದ ಒಂದು ಅನ್ಯಾಯವನ್ನು ಹೇಳಿಕೊಳ್ಳದೆ ಬೇರೆಯವರನ್ನು ಬೈದರೆ ಅದು ಸರಿಯಾಗಲಾರದು. ಆದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ.

ನಾನು ವಿಜ್ಞಾನದ ಟೀಚರಲ್ಲ. ಕನ್ನಡ, ಸಮಾಜ ಪಾಠ ಹೇಳುತ್ತ ಕೂದಲು ಬೆಳ್ಳಗಾದವಳು. ಆದರೆ ಸರ್ಕಾರಿ ಶಾಲೆಯಲ್ಲಿ ಇದ್ದವರಿಗೆ ಗೊತ್ತು, ಹುದ್ದೆ ಖಾಲಿ ಬಿದ್ದಾಗ ಇದ್ದವರೇ ಎಲ್ಲಕ್ಕೂ ಹೆಗಲು ಕೊಡಬೇಕು. 2023ರ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಏಳನೆಯ ತರಗತಿಯವರಿಗೆ ಒಂದು ಲಿಖಿತ ಕ್ವಿಜ್ ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ಪೇಟೆಯಲ್ಲಿ ಸಿಗುವ ಒಂದು ಗೈಡಿನಿಂದ ಪ್ರಶ್ನೆಗಳನ್ನು ಆರಿಸಿಕೊಂಡೆ. ಉತ್ತರಗಳೂ ಅದರ ಹಿಂದಿನ ಪುಟಗಳಲ್ಲೇ ಇದ್ದವು. ಒಂದು ಪ್ರಶ್ನೆ ಹೀಗಿತ್ತು: ಮೊಟ್ಟೆಯನ್ನು ಸ್ವಲ್ಪ ಎತ್ತರದಿಂದ ಕೆಳಕ್ಕೆ ಬಿಡಬೇಕಾದರೆ ನೆಟ್ಟಗೆ ನಿಲ್ಲಿಸಿ ಬಿಡುವುದು ಲೇಸೋ, ಅಡ್ಡ ಮಲಗಿಸಿ ಬಿಡುವುದು ಲೇಸೋ, ಏಕೆ? ಗೈಡಿನ ಉತ್ತರ: ನಿಲ್ಲಿಸಿ ಬಿಡಬೇಕು, ತುದಿಗಳು ಕಮಾನಿನ ಆಕಾರದಲ್ಲಿ ಇರುವುದರಿಂದ ಅವು ಹೆಚ್ಚು ಗಟ್ಟಿ.

ಒಬ್ಬಳು ಹುಡುಗಿ ಬರೆದಿದ್ದಳು: "ಅಡ್ಡ. ನಿಂತಿದ್ದರ ಪಟ್ಟನ ಒಡೀತದ. ಅಡ್ಡ ಇದ್ದರ ಸ್ವಲ್ಪ ತಡಕೊಳ್ತದ."

ಕೆಂಪು ಶಾಯಿಯಲ್ಲಿ ತಪ್ಪು ಹಾಕಿದೆ. ಅಷ್ಟೇ ಅಲ್ಲ, ಭಾಷೆಯ ಟೀಚರಲ್ಲವೇ, "ತಡಕೊಳ್ತದ" ಎಂಬುದರ ಕೆಳಗೆ ಗೆರೆ ಎಳೆದು "ಗ್ರಂಥಸ್ಥ ಭಾಷೆಯಲ್ಲಿ ಬರೆ" ಎಂದೂ ಸೂಚಿಸಿದೆ. ಒಂದು ಅಂಕದಿಂದ ಅವಳಿಗೆ ಬಹುಮಾನ ತಪ್ಪಿತು. ಮರುದಿನ ಅವಳು ಉತ್ತರ ಪತ್ರಿಕೆ ಹಿಡಿದುಕೊಂಡು ಬಂದು, "ಟೀಚರ್, ನಮ್ಮ ಮನ್ಯಾಗ ಕೋಳಿ ಅದಾವ್ರೀ. ನಾ ನೋಡೀನ್ರೀ" ಎಂದಳು. ನಾನು ಗೈಡು ತೆರೆದು ಬೆರಳಿಟ್ಟು ತೋರಿಸಿದೆ. ಅವಳು ಪುಸ್ತಕವನ್ನೂ ನನ್ನನ್ನೂ ಒಮ್ಮೆ ನೋಡಿ ಸುಮ್ಮನೆ ಹೋದಳು. ನಾನು ಅದನ್ನು ಮರೆತುಬಿಟ್ಟೆ.

ನೆನಪಾದದ್ದು 2025ರ ಮೇ ತಿಂಗಳ ಬೇಸಿಗೆ ರಜೆಯಲ್ಲಿ. ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಎಂದರೆ ಎಂ.ಐ.ಟಿ.ಯಲ್ಲಿ ಟಾಲ್ ಕೋಹೆನ್ ಎಂಬ ಪ್ರಾಧ್ಯಾಪಕಿ ಮತ್ತು ಸಂಗಡಿಗರು ಮೊಟ್ಟೆ ಹೇಗೆ ಒಡೆಯುತ್ತದೆ ಎಂದು ಪರೀಕ್ಷಿಸಿ "ಕಮ್ಯುನಿಕೇಶನ್ಸ್ ಫಿಸಿಕ್ಸ್" ಎಂಬ ಪತ್ರಿಕೆಯಲ್ಲಿ ಬರೆದದ್ದನ್ನು ಓದಿದೆ. ಅಲ್ಲಿ ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಮೊಟ್ಟೆ ಬೀಳಿಸುವ ಸ್ಪರ್ಧೆಯೊಂದು ಪ್ರತಿವರ್ಷ ನಡೆಯುತ್ತದಂತೆ. ನಿಲ್ಲಿಸಿ ಬಿಟ್ಟರೆ ಒಡೆಯುವುದಿಲ್ಲ ಎಂದೇ ಅಲ್ಲಿಯೂ ಎಲ್ಲರೂ ನಂಬಿದ್ದರು. ನಂಬಿಕೆ ಸಾಲದು, ನೋಡೋಣ ಎಂದು ಅವರು 180 ಮೊಟ್ಟೆಗಳನ್ನು ಗಟ್ಟಿಯಾದ ನೆಲದ ಮೇಲೆ ಬೀಳಿಸಿದರು. ಕೆಲವನ್ನು ಅಗಲ ತುದಿ ಕೆಳಗಾಗಿ, ಕೆಲವನ್ನು ಚೂಪು ತುದಿ ಕೆಳಗಾಗಿ, ಕೆಲವನ್ನು ಅಡ್ಡ ಮಲಗಿಸಿ. ಎತ್ತರವೆಂದರೆ ಮಾಳಿಗೆಯಿಂದಲ್ಲ, 8, 9, 10 ಮಿಲಿಮೀಟರ್. ಒಂದು ಪೆನ್ಸಿಲಿನ ದಪ್ಪಕ್ಕಿಂತ ತುಸು ಹೆಚ್ಚು, ಅಷ್ಟೆ. 8 ಮಿಲಿಮೀಟರಿನಿಂದ ನಿಲ್ಲಿಸಿ ಬಿಟ್ಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಿರಿದವು, ಯಾವ ತುದಿ ಕೆಳಗಿದ್ದರೂ ಅಷ್ಟೇ. ಅಡ್ಡ ಬಿಟ್ಟವುಗಳಲ್ಲಿ ಬಿರಿದದ್ದು ನೂರಕ್ಕೆ ಹತ್ತಕ್ಕಿಂತ ಕಡಿಮೆ.

ನನ್ನ ಹುಡುಗಿ ಬರೆದ ಉತ್ತರ ಸರಿಯಾಗಿತ್ತು. ಗೈಡು ತಪ್ಪಾಗಿತ್ತು. ಗೈಡನ್ನು ನಂಬಿದ ನಾನು ಇನ್ನೂ ದೊಡ್ಡ ತಪ್ಪಾಗಿದ್ದೆ.

"ಅಯ್ಯೋ, ಎಂ.ಐ.ಟಿ.ಯವರಿಗೇ ತಿಳಿಯದ್ದು ನಿಮಗೆ ಹೇಗೆ ತಿಳಿಯಬೇಕು, ಬಿಡಿ" ಎಂದು ಸಹೋದ್ಯೋಗಿಯೊಬ್ಬರು ಸಮಾಧಾನ ಮಾಡಿದರು. ಆ ಸಮಾಧಾನ ನನಗೆ ಬೇಡ. ತಿಳಿಯದೆ ಇದ್ದದ್ದು ತಪ್ಪಲ್ಲ. ಕೋಳಿ ಸಾಕಿದ ಮನೆಯ ಹುಡುಗಿ "ನಾ ನೋಡೀನ್ರೀ" ಎಂದಾಗ "ಹೌದೇ? ನಾಳೆ ಎರಡು ಮೊಟ್ಟೆ ತಾ, ನೋಡೋಣ" ಎನ್ನದೆ ಗೈಡು ತೋರಿಸಿದೆನಲ್ಲ, ಅದು ತಪ್ಪು. ಅಡುಗೆಕೋಣೆ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಮೊಟ್ಟೆಯ ಟ್ರೇಗಳು ಅಲ್ಲಿ ಒಂದರ ಮೇಲೊಂದು ಕೂತಿದ್ದವು.

ಇಲ್ಲಿ ಕೇವಲ ಒಂದು ಅಂಕದ ಪ್ರಶ್ನೆಯಿಲ್ಲ. ಆ ಗೈಡು ಯಾಕೆ ತಪ್ಪಿತು ಎಂದು ಯೋಚಿಸಿದರೆ ನಮ್ಮ ವಿದ್ಯೆಯ ಹುಳುಕೇ ಕಾಣುತ್ತದೆ. ತುದಿಗಳು ಕಮಾನಿನಂತಿವೆ, ಬಿಗಿಯಾಗಿವೆ ಎಂಬುದು ಸುಳ್ಳಲ್ಲ. ಮೊಟ್ಟೆಯನ್ನು ನಿಲ್ಲಿಸಿ ಮೇಲಿನಿಂದ ಒತ್ತಿದರೆ ಅದು ಬಗ್ಗುವುದು ಕಡಿಮೆ. ಅಡ್ಡ ಮಲಗಿಸಿ ಒತ್ತಿದರೆ ಹೊಟ್ಟೆಯ ಭಾಗ ಕಣ್ಣಿಗೆ ಕಾಣದಷ್ಟು, ಆದರೂ ಹೆಚ್ಚು, ಬಗ್ಗುತ್ತದೆ. ಎಂ.ಐ.ಟಿ.ಯವರು ಮೊಟ್ಟೆಗಳನ್ನು ಯಂತ್ರದಲ್ಲಿಟ್ಟು ನಿಧಾನವಾಗಿ ಒತ್ತಿಯೂ ನೋಡಿದರು. ನಿಂತದ್ದಾಗಲಿ ಮಲಗಿದ್ದಾಗಲಿ ಒಡೆಯಲು ಬೇಕಾದ ಬಲ ಹೆಚ್ಚುಕಡಿಮೆ ಒಂದೇ, ಸುಮಾರು 45 ನ್ಯೂಟನ್. ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಕಿಲೋ ತೂಕ ಹೇರಿದಂತೆ. ಆದರೆ ಆ ಬಲ ಮುಟ್ಟುವುದರೊಳಗೆ ಮಲಗಿದ ಮೊಟ್ಟೆ ಹೆಚ್ಚು ಬಗ್ಗಿರುತ್ತದೆ. ಬಗ್ಗಿದಷ್ಟೂ ಪೆಟ್ಟಿನ ಶಕ್ತಿಯನ್ನು ಒಳಗೆ ಎಳೆದುಕೊಂಡಿರುತ್ತದೆ. ಒಡೆಯುವ ಮುನ್ನ ಅದು ನಿಂತ ಮೊಟ್ಟೆಗಿಂತ ಸುಮಾರು ನೂರಕ್ಕೆ 30ರಷ್ಟು ಹೆಚ್ಚು ಶಕ್ತಿಯನ್ನು ನುಂಗಬಲ್ಲದು. ಬೀಳುವಾಗ ಲೆಕ್ಕಕ್ಕೆ ಬರುವುದು ಈ ನುಂಗುವ ಗುಣ. ಬಿಗಿಯಾಗಿರುವುದಲ್ಲ.

ಇದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಜಗಲಿಯಿಂದ ಜಿಗಿಯುವ ಮಗುವಿಗೆ ಅಜ್ಜಿ "ಮೊಣಕಾಲು ಬಗ್ಗಿಸಿ ಜಿಗಿ" ಎನ್ನುತ್ತಾಳೆ. ನೆಟ್ಟಗೆ ಕಾಲು ಚಾಚಿ ಜಿಗಿದರೆ ಪೆಟ್ಟು ಎಲುಬಿಗೇ ತಾಗುತ್ತದೆ. ಬಗ್ಗಿದ ಮೊಣಕಾಲು ಅದೇ ಪೆಟ್ಟನ್ನು ನಿಧಾನ ಮಾಡುತ್ತದೆ. ತುಂಬಿದ ಕೊಡ ಹೊರುವಾಗ ತಲೆಯ ಮೇಲೆ ಸಿಂಬಿ ಇಡುವುದೂ ಇದೇ ವಿದ್ಯೆ. ಸಿಂಬಿಗೆ ಕೊಡವನ್ನು ಮೀರಿಸುವ ಬಲವಿದೆಯೇ? ಇಲ್ಲ. ಅದಕ್ಕೆ ಅದುಮಿಸಿಕೊಳ್ಳುವ ಗುಣವಿದೆ, ಅಷ್ಟೆ.

ಇಲ್ಲಿ ನನ್ನ ವಿಷಯವಾದ ಕನ್ನಡಕ್ಕೆ ಬರುತ್ತೇನೆ. ನಾವು ಎಲ್ಲಕ್ಕೂ "ಗಟ್ಟಿ" ಎಂಬ ಒಂದೇ ಮಾತನ್ನು ಬಳಸುತ್ತೇವೆ. ಕಲ್ಲು ಗಟ್ಟಿ, ಮರ ಗಟ್ಟಿ, ಮನಸ್ಸು ಗಟ್ಟಿ. ದನಿ ಎತ್ತರಿಸಿ ಓದಿದರೆ ಗಟ್ಟಿಯಾಗಿ ಓದಿದಂತೆ, ಮಗ್ಗಿಯನ್ನು ಉರು ಹೊಡೆದರೆ ಗಟ್ಟಿ ಮಾಡಿದಂತೆ. ಬಗ್ಗದಿರುವುದು ಒಂದು ಗುಣ, ಭಾರ ಹೊರುವುದು ಇನ್ನೊಂದು, ಪೆಟ್ಟು ತಿಂದೂ ಒಡೆಯದಿರುವುದು ಮೂರನೆಯದು. ಬಿಗುವು, ಬಲ, ತಾಳಿಕೆ ಎಂದು ಮೂರು ಮಾತುಗಳು ಕನ್ನಡದಲ್ಲಿ ಇದ್ದೇ ಇವೆ. ಗೈಡು ಮೂರನ್ನೂ ಒಂದೇ ಚೀಲಕ್ಕೆ ತುಂಬಿ "ಗಟ್ಟಿ" ಎಂದು ಚೀಟಿ ಅಂಟಿಸಿತು. ಏಳನೆಯ ತರಗತಿಯ ಹುಡುಗಿ ಮಾತ್ರ ಸರಿಯಾದ ಮಾತನ್ನೇ ಹುಡುಕಿದ್ದಳು: ತಡಕೊಳ್ತದ. ಆ ಮಾತಿನ ಕೆಳಗೇ ನಾನು ಗೆರೆ ಎಳೆದದ್ದು. ವಿಜ್ಞಾನದಲ್ಲೂ ಸೋತೆ, ಕನ್ನಡದಲ್ಲೂ ಸೋತೆ.

ಆ ಜೂನಿನಲ್ಲಿ ಶಾಲೆ ತೆರೆದ ಮೇಲೆ ನನ್ನ ದುಡ್ಡಿನಲ್ಲಿ ಒಂದು ಡಜನ್ ಮೊಟ್ಟೆ ತಂದು ಅಡುಗೆಕೋಣೆಯ ಕಟ್ಟೆಯ ಮೇಲೆ ಮಕ್ಕಳ ಎದುರು ಬೀಳಿಸಿದೆ. ನನ್ನ ಕೈ ಯಂತ್ರವಲ್ಲ. ಎತ್ತರ ಒಂದೇ ಸಮ ಬಂತೆಂದು ಆಣೆ ಮಾಡಲಾರೆ. ನಿಲ್ಲಿಸಿ ಬಿಟ್ಟವುಗಳಲ್ಲಿ ಹೆಚ್ಚಿನವು ಬಿರಿದವು. ಅಡ್ಡ ಬಿಟ್ಟವುಗಳಲ್ಲೂ ಒಂದು ಬಿರಿಯಿತು. ಕೂಡಲೇ ಒಬ್ಬ ಹುಡುಗ, "ಟೀಚರ್, ಆ ಒಂದು ಯಾಕ ಒಡೀತು?" ಎಂದ. ಇಷ್ಟು ವರ್ಷಗಳಲ್ಲಿ ನನ್ನ ತರಗತಿಯಲ್ಲಿ ವಿಜ್ಞಾನದ ಪ್ರಶ್ನೆ ಎಂದು ಕರೆಯಬಹುದಾದ ಪ್ರಶ್ನೆ ಅದೇ ಮೊದಲು. ಚಿಪ್ಪು ತೆಳ್ಳಗಿತ್ತೇ, ಮೊದಲೇ ಕೂದಲೆಳೆಯ ಬಿರುಕಿತ್ತೇ, ನನ್ನ ಕೈ ಎತ್ತರವಾಯಿತೇ ಎಂದು ಅರ್ಧ ಗಂಟೆ ವಾದ ನಡೆಯಿತು. ಒಬ್ಬರೂ ನೋಟ್ಸ್ ಕೇಳಲಿಲ್ಲ. ಒಡೆದ ಮೊಟ್ಟೆಗಳನ್ನು ಅಡುಗೆಯಮ್ಮ ಬಾಣಲೆಗೆ ಹಾಕಿದರು.

ಆ ತೆಳ್ಳನೆಯ ಚಿಪ್ಪು ಎಂಥ ವಸ್ತು ಎಂಬುದನ್ನು ನಾವು ಯಾರೂ ಕೂತು ಯೋಚಿಸಿಲ್ಲ. ಅದರ ದಪ್ಪ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಎಂದರೆ ಸುಣ್ಣಕಲ್ಲಿನದೇ ವಸ್ತು. ಒಂದು ಮೊಟ್ಟೆಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಕೋಳಿಯ ಹೊಟ್ಟೆಯಲ್ಲಿ ಚಿಪ್ಪು ಕಟ್ಟುವ ಕೆಲಸ ಸುಮಾರು 20 ಗಂಟೆ ನಡೆಯುತ್ತದೆ. ಹೆಚ್ಚಿನ ಪಾಲು ರಾತ್ರಿ. ಮೇವಿನಿಂದ ಸಾಲದ್ದನ್ನು ಅದು ತನ್ನ ಎಲುಬಿನಿಂದಲೇ ತೆಗೆದು ಕೊಡುತ್ತದೆ. ಬಸುರಿಯ ಹಲ್ಲು ಸಡಿಲವಾಗುತ್ತವೆ ಎಂದು ನಮ್ಮಲ್ಲಿ ಹೆಂಗಸರು ಆಡಿಕೊಳ್ಳುವುದು ಎಷ್ಟು ನಿಜವೋ ಕಾಣೆ, ಕೋಳಿಯ ಮಟ್ಟಿಗೆ ಎಲುಬು ಕೊಟ್ಟು ಚಿಪ್ಪು ಕಟ್ಟುವುದು ನಿಜ. ಮುದಿ ಕೋಳಿಯ ಮೊಟ್ಟೆ ದೊಡ್ಡದು, ಚಿಪ್ಪು ಮಾತ್ರ ತೆಳು. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಉಸಿರಿನೊಡನೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಗೆ ಹೋಗಿ, ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ರಕ್ತದಲ್ಲಿ ಕಡಿಮೆಯಾಗುತ್ತದೆ. ಬೇಸಿಗೆಯ ಟ್ರೇಯಲ್ಲಿ ಬಿರುಕು ಮೊಟ್ಟೆ ಹೆಚ್ಚು ಎಂದು ಅಡುಗೆಯಮ್ಮ ಲಾರಿಯವನೊಡನೆ ಜಗಳವಾಡುತ್ತಾರೆ. ತಪ್ಪು ಪೂರ್ತಿ ಲಾರಿಯವನದಲ್ಲ, ಅರ್ಧ ಸೂರ್ಯನದು. ಇದು ಪಾಠವಲ್ಲವೇ?

ಪ್ರವಾಸಕ್ಕೆಂದು ಮಕ್ಕಳನ್ನು ವಿಜಯಪುರಕ್ಕೆ ಕರೆದೊಯ್ಯುತ್ತೇವೆ. ಗೋಲಗುಮ್ಮಟದ ಕೆಳಗೆ ನಿಲ್ಲಿಸಿ, ಮುಹಮ್ಮದ್ ಆದಿಲ್‌ಶಾಹನ ಗೋರಿ, 17ನೆಯ ಶತಮಾನ, ಕಂಬವಿಲ್ಲದ ಗುಮ್ಮಟ ಎಂದು ಒಪ್ಪಿಸುತ್ತೇವೆ. ಮೇಲೆ ಹೋಗಿ ಕೂಗಿ ಪ್ರತಿಧ್ವನಿ ಕೇಳಿ ಇಳಿಯುತ್ತೇವೆ. ಆ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಬುಡದಲ್ಲಿ ಗೋಡೆಯ ದಪ್ಪ ಸುಮಾರು 3 ಮೀಟರ್. ಈಗ ಒಂದು ಮೊಟ್ಟೆಯನ್ನು ಗೋಲಗುಮ್ಮಟದಷ್ಟು ಅಗಲಕ್ಕೆ ಹಿಗ್ಗಿಸಿದೆವೆಂದು ಭಾವಿಸಿ. ಅದರ ಚಿಪ್ಪಿನ ದಪ್ಪ ಎಷ್ಟಾದೀತು? ಸುಮಾರು 30 ಸೆಂಟಿಮೀಟರ್, ಮಕ್ಕಳ ಕಂಪಾಸ್ ಪೆಟ್ಟಿಗೆಯ ಪಕ್ಕದಲ್ಲಿರುವ ಉದ್ದ ಅಡಿಪಟ್ಟಿಯಷ್ಟು! ಮೂರು ಮೀಟರಿನ ಕಲ್ಲುಗಾರೆಗೆ ಬೆರಗಾಗುವ ನಾವು ಅದಕ್ಕಿಂತ ಹತ್ತು ಪಟ್ಟು ತೆಳುವಾದ ಗುಮ್ಮಟವನ್ನು ದಿನವೂ ತಟ್ಟೆಯ ಅಂಚಿಗೆ ಕುಟ್ಟುತ್ತೇವೆ. ಈ ಲೆಕ್ಕ ಮಾಡಲು ಭಾಗಾಕಾರ ಬಂದರೆ ಸಾಕು. ಆದರೆ ಗುಮ್ಮಟ ಸಮಾಜದ ಪಾಠ, ಮೊಟ್ಟೆ ವಿಜ್ಞಾನದ ಪಾಠ, ಭಾಗಾಕಾರ ಗಣಿತದ ಪಾಠ. ಮೂವರು ಟೀಚರು, ಮೂರು ಪೀರಿಯಡ್ಡು. ಅವು ಒಂದನ್ನೊಂದು ಸಂಧಿಸುವುದು ಯಾವಾಗ?

ಹೊರಗಿನಿಂದ ಇಷ್ಟು ತಾಳುವ ಚಿಪ್ಪು ಒಳಗಿನಿಂದ ಸುಲಭವಾಗಿ ಒಡೆಯುತ್ತದೆ. ಕಮಾನನ್ನು ಹೊರಗಿನಿಂದ ಒತ್ತಿದರೆ ಅದರ ಕಣಕಣವೂ ಒಂದಕ್ಕೊಂದು ಒತ್ತಿಕೊಂಡು ಭಾರವನ್ನು ಹಂಚಿಕೊಳ್ಳುತ್ತವೆ. ಒಳಗಿನಿಂದ ನೂಕಿದರೆ ಎಳೆತಕ್ಕೆ ಸಿಕ್ಕಿ ಬಿಡಿಸಿಕೊಳ್ಳುತ್ತವೆ. ಸುಣ್ಣದಂಥ ವಸ್ತು ಒತ್ತಡ ಸಹಿಸುತ್ತದೆ, ಎಳೆತ ಸಹಿಸದು. ತಾಯಿ ಕೋಳಿ ಮೇಲೆ ಕೂತರೂ ಒಡೆಯದು, 21ನೆಯ ದಿನ ಮರಿ ಕೊಕ್ಕಿನ ತುದಿಯ ಪುಟ್ಟ ಮುಳ್ಳಿನಿಂದ ಕುಟ್ಟಿದರೆ ಒಡೆಯುತ್ತದೆ. ಅಷ್ಟರಲ್ಲಿ ಮರಿ ತನ್ನ ಎಲುಬಿಗಾಗಿ ಚಿಪ್ಪಿನ ಒಳಮೈಯಿಂದ ಸುಣ್ಣವನ್ನು ತೆಗೆದುಕೊಂಡು ಗೋಡೆಯನ್ನು ಸಡಿಲ ಮಾಡಿರುತ್ತದೆ. ತಾಯಿಯ ಎಲುಬು ಚಿಪ್ಪಾಗಿ, ಚಿಪ್ಪು ಮರಿಯ ಎಲುಬಾಗುವ ಈ ಸಂಗತಿಯನ್ನು ಹೇಳದೆ "ಚಿಪ್ಪು: ರಕ್ಷಣೆ ನೀಡುತ್ತದೆ, ಒಂದು ಅಂಕ" ಎಂದು ಮುಗಿಸುತ್ತೇವೆ.

ಹೀಗೆಂದರೆ ಎದುರು ಮಾತುಗಳು ಬರುತ್ತವೆ. ಬಂದಿವೆ ಕೂಡ.

ಮೊದಲನೆಯದು, ಹಸಿದ ಮಕ್ಕಳ ಶಾಲೆಯಲ್ಲಿ ಮೊಟ್ಟೆ ಬೀಳಿಸಿ ಆಟವಾಡುವುದು ಅನ್ನಕ್ಕೆ ಮಾಡುವ ಅಪಚಾರ ಎಂಬ ಮಾತು. ಇದನ್ನು ನಾನು ಗೌರವದಿಂದ ಕೇಳುತ್ತೇನೆ. ಹಸಿವು ನನಗೂ ಗೊತ್ತು. ಮಕ್ಕಳ ಪಾಲಿನ ಮೊಟ್ಟೆ ಮುಟ್ಟಬೇಡಿ. ತೊಳೆದ ತಟ್ಟೆಯ ಮೇಲೆ ಬೀಳಿಸಿದ ಮೊಟ್ಟೆ ಬಾಣಲೆಗೆ ಹೋಗುತ್ತದೆ, ತಿಪ್ಪೆಗಲ್ಲ. ಹೆಚ್ಚಿನ ಪ್ರಯೋಗಗಳಿಗಂತೂ ಇಡೀ ಮೊಟ್ಟೆಯೇ ಬೇಡ. ಅಡುಗೆಯಮ್ಮ ಒಂದು ದಿನ ಆಮ್ಲೆಟ್ಟಿಗೆ ಒಡೆದ ಹಸಿ ಮೊಟ್ಟೆಯ ನಾಲ್ಕು ಅರ್ಧ ಚಿಪ್ಪುಗಳನ್ನು ತೊಳೆದು, ಅಂಚು ಸಮ ಮಾಡಿ, ಮೇಜಿನ ನಾಲ್ಕು ಮೂಲೆಯಂತೆ ಬೋರಲು ಹಾಕಿ ಮೇಲೊಂದು ಹಲಗೆ ಇಡಿ. ಅದರ ಮೇಲೆ ಪಠ್ಯಪುಸ್ತಕಗಳನ್ನು ಒಂದೊಂದಾಗಿ ಪೇರಿಸಲು ಹೇಳಿ. ಎಷ್ಟು ಪುಸ್ತಕಕ್ಕೆ ಒಡೆಯುತ್ತದೆ ಎಂದು ಮಕ್ಕಳು ಪಂದ್ಯ ಕಟ್ಟಲಿ. ಚಿಪ್ಪಿನ ಚೂರಿಗೆ ಲಿಂಬೆರಸ ಹಿಂಡಲಿ; ಗುಳ್ಳೆ ಎದ್ದದ್ದು ನೋಡಲಿ. ಕೊನೆಯಲ್ಲಿ ಕೈಯನ್ನು ಸೋಪಿನಿಂದ ತೊಳೆಯಲಿ, ಅಷ್ಟೆ. ಅನ್ನಕ್ಕೆ ಅಪಚಾರ ಆಗುವುದು ತಿಂದದ್ದು ಏನೆಂದು ತಿಳಿಯದೆ ಉಳಿದಾಗಲೂ ಹೌದು.

ಎರಡನೆಯದು ಮಡಿಯ ಮಾತು. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಎಂಬ 7 ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಎದ್ದ ಗದ್ದಲ ಎಲ್ಲರಿಗೂ ನೆನಪಿದೆ. ಮಠಗಳಿಂದ ವಿರೋಧ ಬಂತು. ಮೊಟ್ಟೆ ಬೇಕೆಂದು ಮಕ್ಕಳೇ ಮಾತಾಡಿದರು. 2022ರ ಹೊತ್ತಿಗೆ ಅದು ರಾಜ್ಯದ ಉಳಿದ ಕಡೆಗೂ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಆ ಇಡೀ ಜಗಳದಲ್ಲಿ ಬೇಕು ಎಂದವರು ಪ್ರೋಟೀನಿನ ಲೆಕ್ಕ ಹೇಳಿದರು, ಬೇಡ ಎಂದವರು ಧರ್ಮದ ಲೆಕ್ಕ ಹೇಳಿದರು. ನಾನು ಬೇಕು ಎಂದವರ ಪಕ್ಷ, ಇಂದಿಗೂ ಹೌದು. ಆದರೆ ಶಾಲೆಗೆ ಬಂದ ವಸ್ತು ಕಲಿಯುವ ವಸ್ತುವೂ ಆಗಬಹುದು ಎಂದು ಎರಡು ಪಕ್ಷದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಕೊಡುತ್ತೇವೆ, ಅದು ಸರಿ. ಆ ಮಗು ಮುಟ್ಟದೆ ದೂರ ನಿಂತು ನೋಡಲಿ. ಯಾರೂ ಬಲವಂತ ಮಾಡುವುದು ಬೇಡ. ನೋಡಿದರೆ ಯಾರ ವ್ರತವೂ ಕೆಡುವುದಿಲ್ಲ. ಮನೆಯ ಅಂಗಳದಲ್ಲಿ ಗುಬ್ಬಿಯ ಗೂಡು ಬಿದ್ದಾಗ ಒಡೆದ ಮೊಟ್ಟೆಯನ್ನು ನೋಡಿ ಕಣ್ಣೀರು ಹಾಕದ ಮಕ್ಕಳಿಲ್ಲ, ಅವರು ಯಾವ ಜಾತಿಯವರಾದರೂ ಸರಿಯೆ.

ಮೂರನೆಯದು ಪೋರ್ಷನ್ನು. ಪೋರ್ಷನ್ ಮುಗಿಯಬೇಕು, ಪರೀಕ್ಷೆಗೆ ಬರುವುದನ್ನು ಹೇಳಿಕೊಡಬೇಕು, ಇಂಥ ಚೇಷ್ಟೆಗೆ ಹೊತ್ತೆಲ್ಲಿ ಎನ್ನುತ್ತಾರೆ. ಒಳ್ಳೆಯದು. ನಾನು ಹೊತ್ತು ಉಳಿಸಿದ್ದರ ಫಲ ಏನಾಯಿತೆಂದು ಮೇಲೆ ಹೇಳಿದ್ದೇನೆ. ಮೊಟ್ಟೆ ಒಡೆಯಲು ಬೇಕಿದ್ದ ಹತ್ತು ನಿಮಿಷ ಉಳಿಸಿ ಒಂದು ತಪ್ಪನ್ನು ಇಡೀ ತರಗತಿಗೆ ಗಟ್ಟಿ ಮಾಡಿಸಿದೆ. ಅವರಲ್ಲಿ ಎಷ್ಟು ಜನ ಅದನ್ನು ಈಗಲೂ ಸರಿಯೆಂದು ನಂಬಿದ್ದಾರೋ!

ನಾಲ್ಕನೆಯದನ್ನು ನನ್ನ ಬೆನ್ನ ಹಿಂದೆ ಆಡುತ್ತಾರೆ: ಬಿ.ಎ. ಓದಿದವಳಿಗೆ ವಿಜ್ಞಾನದ ಉಸಾಬರಿ ಏಕೆ? ಇದಕ್ಕೆ ಉತ್ತರವಾಗಿ ಒಂದು ನಡೆದ ಸಂಗತಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಡೆರೆಕ್ ರ್‍ಯಾಟ್‌ಕ್ಲಿಫ್ ಎಂಬ ಪಕ್ಷಿತಜ್ಞರು ಒಂದು ಬಗೆಯ ಗಿಡುಗದ ಗೂಡುಗಳಲ್ಲಿ ಮೊಟ್ಟೆಗಳು ತಾಯಿಯ ಭಾರಕ್ಕೇ ಒಡೆದುಹೋಗುತ್ತಿರುವುದನ್ನು ಕಂಡರು. ಸಂಗ್ರಹಗಳಲ್ಲಿದ್ದ ಹಳೆಯ ಚಿಪ್ಪುಗಳನ್ನು ತರಿಸಿ ತೂಗಿದರು, ಉದ್ದಗಲ ಅಳೆದರು, ತೂಕವನ್ನು ಉದ್ದಗಲದ ಗುಣಲಬ್ಧದಿಂದ ಭಾಗಿಸಿದರು. 1940ರ ದಶಕದ ಕೊನೆಯಿಂದ ಚಿಪ್ಪು ತೆಳ್ಳಗಾಗಿತ್ತು. 1967ರಲ್ಲಿ ಅದನ್ನು ಪ್ರಕಟಿಸಿದರು. ಕಾರಣ ಹೊಲಗಳಿಗೆ ಎರಚಿದ ಡಿ.ಡಿ.ಟಿ. ಎಂಬುದು ಸ್ಪಷ್ಟವಾಯಿತು, ಅದು ಹಕ್ಕಿಯ ಮೈಸೇರಿ ಚಿಪ್ಪಿಗೆ ಸುಣ್ಣ ಕೂಡದಂತೆ ಮಾಡುತ್ತಿತ್ತು. 1972ರಲ್ಲಿ ಅಮೆರಿಕ ಡಿ.ಡಿ.ಟಿ.ಯ ಕೃಷಿ ಬಳಕೆಯನ್ನು ನಿಷೇಧಿಸಿತು. ಆಮೇಲೆ ಹಕ್ಕಿಗಳು ಮರಳಿ ಬಂದವು. ಅವರಿಗೆ ಬೇಕಾದದ್ದು ಒಂದು ತಕ್ಕಡಿ, ಒಂದು ಅಳತೆಗೋಲು, ಭಾಗಾಕಾರ, ಮತ್ತು ಒಡೆದ ಚಿಪ್ಪನ್ನು ಕಸವೆಂದು ಎಸೆಯದ ಕಣ್ಣು. ಮೊದಲ ಮೂರು ನಮ್ಮ ಶಾಲೆಯಲ್ಲೂ ಇವೆ. ನಾಲ್ಕನೆಯದಕ್ಕೆ ಬಿ.ಎಸ್ಸಿ. ಆಗಿರಬೇಕೆಂದು ಎಲ್ಲಿಯೂ ಬರೆದಿಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಎಂ.ಐ.ಟಿ.ಯ ಸುದ್ದಿ ಓದಿದ ನಮ್ಮ ಹುಡುಗನೊಬ್ಬ ಅಡುಗೆಕೋಣೆಯ ಟ್ರೇಗಳಲ್ಲಿನ ಮೊಟ್ಟೆಗಳನ್ನೆಲ್ಲ ಅಡ್ಡ ಮಲಗಿಸಲು ಹೊರಟ. ಹಾಗಲ್ಲ. ಟ್ರೇಯಲ್ಲಿ ಅಗಲ ತುದಿ ಮೇಲಾಗಿ ನಿಲ್ಲಿಸುವುದಕ್ಕೆ ಬೇರೆ ಕಾರಣವಿದೆ. ಆ ತುದಿಯಲ್ಲಿ ಗಾಳಿಯ ಚೀಲವಿದೆ. ಅದು ಮೇಲಿದ್ದರೆ ಹಳದಿ ನಡುವೆ ನಿಂತು ಮೊಟ್ಟೆ ಹೆಚ್ಚು ದಿನ ಚೆನ್ನಾಗಿರುತ್ತದೆ. ಎತ್ತರದಿಂದ ಬಿಟ್ಟರೆ ನಿಂತದ್ದೂ ಒಡೆಯುತ್ತದೆ, ಮಲಗಿದ್ದೂ ಒಡೆಯುತ್ತದೆ. ಹಳೆಯ ಗೈಡನ್ನು ಕಿತ್ತು ಹಾಕಿ ಅದೇ ಜಾಗದಲ್ಲಿ ಎಂ.ಐ.ಟಿ.ಯನ್ನು ಗೈಡು ಮಾಡಿ ಕೂರಿಸಿದರೆ ನಾವು ಏನೂ ಕಲಿತಂತಾಗಲಿಲ್ಲ. ಆ ಹುಡುಗನಿಗೆ ಬೈಯಲಿಲ್ಲ. ಎರಡು ಮೊಟ್ಟೆ ಬೇರೆ ಬೇರೆ ಇಟ್ಟು ಹದಿನೈದು ದಿನ ಬಿಟ್ಟು ಒಡೆದು ನೋಡು ಎಂದೆ.

ಆ ಹುಡುಗಿ ಈಗ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಎಲ್ಲ ಹೇಳಿ, ನನ್ನದು ತಪ್ಪಾಯಿತು ಎಂದೆ. ಅವಳಿಗೆ ಮುಜುಗರವಾಯಿತು. "ಇರ್ಲಿ ಬಿಡ್ರೀ ಟೀಚರ್" ಎಂದು ಬೇರೆ ಕಡೆ ನೋಡಿದಳು. ಮತ್ತೆ ಸ್ವಲ್ಪ ತಡೆದು, ಆಮೇಲೆ ವಿಜ್ಞಾನದ ಕ್ವಿಜ್ಜಿಗೆ ಹೆಸರೇ ಕೊಡಲಿಲ್ಲ ಎಂದಳು. ಕೋಪದಿಂದ ಹೇಳಲಿಲ್ಲ, ಸುಮ್ಮನೆ ಹೇಳಿದಳು. ಬಸ್ಸು ಬಂತು, ಹತ್ತಿ ಹೋದಳು. ಕಣ್ಣಾರೆ ಕಂಡದ್ದನ್ನು ಬರೆದರೆ ಅಂಕ ಹೋಗುತ್ತದೆ ಎಂಬ ಪಾಠವನ್ನು ಅವಳು ನನ್ನಿಂದ ಕಲಿತಿದ್ದಳು. ಅದನ್ನು ಅಳಿಸುವ ರಬ್ಬರು ನನ್ನ ಹತ್ತಿರ ಇಲ್ಲ.

ಆದ್ದರಿಂದ ಸರ್ಕಾರಕ್ಕೆ ಮನವಿ ಬರೆಯುವ ಬದಲು ನನ್ನಂಥ ಟೀಚರುಗಳನ್ನೇ ಕೇಳಿಕೊಳ್ಳುತ್ತೇನೆ. ಇದಕ್ಕೆ ಸುತ್ತೋಲೆ ಬೇಡ, ಲ್ಯಾಬು ಬೇಡ, ತರಬೇತಿ ಶಿಬಿರವೂ ಬೇಡ. ನಾಳೆ ಮೊಟ್ಟೆ ನೀರಿಗೆ ಬೀಳುವ ಮುನ್ನ ಒಂದನ್ನು ತರಗತಿಗೆ ತನ್ನಿ. ಬಳೆ ಉಂಗುರ ತೆಗೆದು ಅಂಗೈಯಲ್ಲಿಟ್ಟು ಸಮನಾಗಿ ಅದುಮಿ; ಒಡೆಯದೆ ಉಳಿದಾಗ ಮಕ್ಕಳ ಮುಖ ನೋಡಿ. ಉಂಗುರ ಹಾಕಿ ಅದುಮಿದರೆ ಯಾಕೆ ಒಡೆಯುತ್ತದೆ ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಉತ್ತರ ಪತ್ರಿಕೆ ತಿದ್ದುವಾಗ ಕೀ ಉತ್ತರಕ್ಕೆ ಹೊಂದದ ಮಾತು ಕಂಡರೆ, ಕೆಂಪು ಪೆನ್ನು ಇಳಿಸುವ ಮುನ್ನ ಆ ಮಗುವನ್ನು ಕರೆದು "ನೀನು ಇದನ್ನು ಎಲ್ಲಿ ನೋಡಿದೆ?" ಎಂದು ಒಂದು ಮಾತು ಕೇಳಿ. ನಾನು ಕೇಳಲಿಲ್ಲ.